ಐದು ಸ್ಪೀಕರ್, ಒಂದು ಸೋಫಾ, ಎರಡು ಕಿವಿ

"ಅದೇನು ಪಿಸುಗುಟ್ಕೊಂಡು ಮಾತಾಡ್ತಾರೋ, ಒಂದಕ್ಷರ ತಿಳಿಯೋದಿಲ್ಲ ಕಣೋ. ಹೊಡೆದಾಟ ಬಂದ್ರೆ ಮಾತ್ರ ಎದೆ ನಡುಗೋ ಹಾಗೆ ಸದ್ದು!"

ಇದು ನಮ್ಮ ತಾಯಿಯವರ ದೂರು. ಮಗ ಕೆಲಸಕ್ಕೆ ಸೇರಿದ ಮೊದಲ ವರ್ಷದ ಉಳಿತಾಯದಲ್ಲಿ ದೀಪಾವಳಿಗೆಂದು ಮನೆಗೆ ಹೋಮ್ ಥಿಯೇಟರ್ ತಂದಿದ್ದ. ಅಂಗಡಿಯ ಹುಡುಗ ಬಂದು ಐದು ಸ್ಪೀಕರ್‌ಗಳನ್ನು ಜಾಗ ಸಿಕ್ಕಲ್ಲಿ ಕೂರಿಸಿ, ಮೂಲೆಯಲ್ಲಿ ದಪ್ಪನೆಯ ಸಬ್‌ವೂಫರ್ ಇಟ್ಟು, ತಂತಿ ಸಿಕ್ಕಿಸಿ, ಒಂದು ಲೋಟ ಕಾಫಿ ಕುಡಿದು ಹೊರಟುಹೋದ. ಆವತ್ತಿನಿಂದ ನಮ್ಮ ಮನೆಯಲ್ಲಿ ಸಿನಿಮಾ ನೋಡುವುದೆಂದರೆ ಒಬ್ಬರು ರಿಮೋಟ್ ಹಿಡಿದು ಕಾವಲು ಕೂರುವುದು ಎಂದೇ ಅರ್ಥವಾಯಿತು. ಮಾತು ಬಂದಾಗ ಸದ್ದು ಏರಿಸು, ಹಾಡು ಬಂದಾಗ ಇಳಿಸು, ಗುಂಡು ಹಾರಿದಾಗ ಪೂರ್ತಿ ಇಳಿಸು. ನಿಮ್ಮಲ್ಲಿ ಹಲವರ ಮನೆಯಲ್ಲೂ ಇದೇ ಕತೆ ಇರಬಹುದು.

ಸಿನಿಮಾ ಮಾಡಿದವರನ್ನು ಬೈಯುವ ಮೊದಲು, ಯಾವ ಸ್ಪೀಕರ್ ಏನು ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. '5.1' ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದಲ್ಲ, ಅದರಲ್ಲಿ ಐದು ಎಂದರೆ ಮುಂದೆ ಮೂರು (ಎಡ, ನಡು, ಬಲ) ಮತ್ತು ಕೇಳುವವರ ಪಕ್ಕಕ್ಕೋ ತುಸು ಹಿಂದಕ್ಕೋ ಎರಡು. ಆ 'ಪಾಯಿಂಟ್ ಒಂದು' ಗುಡುಗು, ಸ್ಫೋಟಗಳಂಥ ಬಹು ತಗ್ಗಿನ ಶಬ್ದಕ್ಕಾಗಿಯೇ ಮೀಸಲಾದ ದಾರಿ. ಸುಮಾರು 120 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 120 ಕಂಪನಗಳಿಗಿಂತ, ಕೆಳಗಿನ ಸದ್ದು ಮಾತ್ರ ಅದರಲ್ಲಿ ಹರಿಯುವುದರಿಂದ ಅದನ್ನು ಪೂರ್ತಿ ಒಂದು ಎಂದು ಎಣಿಸುವುದಿಲ್ಲ. ನಟರ ಮಾತು ಹೆಚ್ಚುಕಡಿಮೆ ಎಲ್ಲವೂ ಬರುವುದು ಮುಂದಿನ ನಡುವಿನ ಸ್ಪೀಕರ್‌ನಿಂದ. ಅದೊಂದು ಸೋತರೆ ಮಾತೇ ಸೋತಂತೆ.

ಶಬ್ದ ಬೇರೆ ಬೇರೆ ದಿಕ್ಕಿನಿಂದ ಬರಬೇಕು ಎಂಬ ಆಸೆ ಹಳೆಯದು. ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲಮ್ಲೈನ್ ಮುಂದೆ ತನ್ನ ಹೆಂಡತಿಯಾಗಲಿದ್ದವಳೊಡನೆ ಸಿನಿಮಾಕ್ಕೆ ಹೋಗಿದ್ದಾಗ, ನಟ ತೆರೆಯ ಆ ತುದಿಗೆ ನಡೆದುಹೋದರೂ ಧ್ವನಿ ಈ ತುದಿಯಲ್ಲೇ ಉಳಿದದ್ದು ಕಂಡು ಬೇಸರಪಟ್ಟನಂತೆ. ಸ್ಟೀರಿಯೋಗೆ ಅವನು ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. ವಾಲ್ಟ್ ಡಿಸ್ನಿಯ 'ಫ್ಯಾಂಟೇಸಿಯಾ' ಚಿತ್ರಕ್ಕೆ 1940ರಲ್ಲೇ ಸುತ್ತಲಿಂದ ಸದ್ದು ಬರುವ ವ್ಯವಸ್ಥೆ ಮಾಡಿದ್ದರು. ಈಗಿನ 5.1 ಡಿಜಿಟಲ್ ರೂಪದಲ್ಲಿ ಥಿಯೇಟರಿಗೆ ಬಂದದ್ದು 1992ರಲ್ಲಿ, 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದೊಂದಿಗೆ.

ಆದರೆ ಒಂದು ಮಾತು ಮರೆಯಬಾರದು. ಚಿತ್ರದ ಧ್ವನಿ ಹೊಂದಿಸುವ ತಂತ್ರಜ್ಞ ಕೂರುವ ಕೋಣೆಯಲ್ಲಿ ಅವನ ಕಿವಿಗೆ ಪ್ರತಿಯೊಂದು ಸ್ಪೀಕರ್ ಎಷ್ಟು ಜೋರಾಗಿ ಕೇಳಬೇಕು ಎಂಬುದನ್ನು ಮೊದಲೇ ಅಳೆದು ಇಟ್ಟಿರುತ್ತಾರೆ. ಆ ಲೆಕ್ಕದ ಮೇಲೆ ಅವನು ಮಾತನ್ನು ಇಷ್ಟು, ಮಳೆಯನ್ನು ಇಷ್ಟು ಎಂದು ಬೆರೆಸುತ್ತಾನೆ. ನಮ್ಮ ಹಜಾರದಲ್ಲಿ ಒಂದು ಸ್ಪೀಕರ್ ಮೂತಿಗೇ ತಾಗುವಂತಿದ್ದು ಇನ್ನೊಂದು ಷೋಕೇಸಿನೊಳಗೆ ಅಡಗಿದ್ದರೆ ಅವನ ಬೆರಕೆ ಕೆಟ್ಟಿತು. ರಾಮನವಮಿಯ ಕಚೇರಿಯಲ್ಲಿ ಮೃದಂಗದ ಮೈಕು ಮೇಲೆದ್ದು ಗಾಯಕರದು ಇಳಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಅಲ್ಲಾದರೆ ಗಾಯಕರು ಕೈಸನ್ನೆ ಮಾಡಿ ಮೈಕಿನವನನ್ನು ಎಚ್ಚರಿಸುತ್ತಾರೆ. ಮನೆಯಲ್ಲಿ ಮೈಕಿನವನ ಕೆಲಸ ನಾವೇ ಮಾಡಬೇಕು.

ದೂರದ ಲೆಕ್ಕ

ನಮ್ಮ ಹಜಾರ 14 ಅಡಿ ಉದ್ದ, 11 ಅಡಿ ಅಗಲ. ಎಡಗಡೆ ಊಟದ ಮನೆಗೆ ಹೋಗುವ ದಾರಿ ಇರುವುದರಿಂದ ಟಿ.ವಿ.ಯೂ ಸೋಫಾವೂ ಬಲಗೋಡೆಗೆ ವಾಲಿಕೊಂಡಿವೆ. ನಾನು ಕೂರುವ ಜಾಗದಿಂದ ಮುಂದಿನ ಎಡ, ಬಲ ಸ್ಪೀಕರ್‌ಗಳು ತಲಾ 9 ಅಡಿ. ಬಲಗೋಡೆಗೆ ಬಡಿದ ಸರೌಂಡ್ ಸ್ಪೀಕರ್ ಕಿವಿಯಿಂದ 3 ಅಡಿ. ಎಡಗಡೆಯದು ಸ್ಟೂಲಿನ ಮೇಲೆ, 6 ಅಡಿ ದೂರದಲ್ಲಿ.

ಹತ್ತನೇ ತರಗತಿಯ ವಿದ್ಯಾರ್ಥಿಗಳೇ, ವಿಲೋಮ ವರ್ಗ ನಿಯಮ ನೆನಪಿದೆಯೇ? ದೂರ ಎರಡರಷ್ಟಾದರೆ ಬೆಳಕಿನ ತೀವ್ರತೆ ನಾಲ್ಕನೇ ಒಂದು ಪಾಲು. ಶಬ್ದಕ್ಕೂ ಇದೇ ನಿಯಮ. 3 ಅಡಿಯಿಂದ 9 ಅಡಿಗೆ ಸರಿದರೆ ತೀವ್ರತೆ ಒಂಬತ್ತನೇ ಒಂದು ಪಾಲಾಗುತ್ತದೆ. ಇದನ್ನು ಡೆಸಿಬೆಲ್‌ನಲ್ಲಿ ಹೇಳಿದರೆ ಸುಮಾರು ಒಂಬತ್ತೂವರೆ ಕಡಿಮೆ.

ಡೆಸಿಬೆಲ್ ಎಂದರೆ ಮೀಟರ್, ಕಿಲೋಗ್ರಾಂಗಳಂತೆ ನೇರವಾಗಿ ಕೂಡಿಸುವ ಅಳತೆಯಲ್ಲ, ಲಘುಗಣಕದ ಅಳತೆ. ಶಕ್ತಿ ಎರಡರಷ್ಟಾದರೆ 3 ಡೆಸಿಬೆಲ್ ಏರಿಕೆ, ಹತ್ತರಷ್ಟಾದರೆ 10 ಡೆಸಿಬೆಲ್ ಏರಿಕೆ. ಆದರೆ ಶಕ್ತಿ ಹತ್ತರಷ್ಟಾದರೂ ನಮ್ಮ ಕಿವಿಗೆ ಸದ್ದು ಸುಮಾರು ಎರಡರಷ್ಟು ಜೋರಾದಂತೆ ಮಾತ್ರ ತೋರುತ್ತದೆ. ಸೊಳ್ಳೆಯ ಗುಂಯ್‌ಗುಡುವಿಕೆಯಿಂದ ಸಿಡಿಲಿನವರೆಗೆ ಒಂದೇ ಕಿವಿಯಲ್ಲಿ ಕೇಳಬೇಕಲ್ಲ, ಅದಕ್ಕೆ ಪ್ರಕೃತಿ ಮಾಡಿಕೊಂಡ ಉಪಾಯವಿದು. ಈ ಅಳತೆಯಲ್ಲಿರುವ 'ಬೆಲ್' ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ಹೆಸರು. ಅವನ ತಾಯಿಗೆ ಕಿವಿ ಮಂದವಾಗಿತ್ತು, ಹೆಂಡತಿಗೆ ಬಾಲ್ಯದಲ್ಲೇ ಶ್ರವಣ ಹೋಗಿತ್ತು, ಸ್ವತಃ ಅವನು ಕಿವುಡ ಮಕ್ಕಳ ಶಿಕ್ಷಕನಾಗಿದ್ದ. ಶಬ್ದವನ್ನು ಅಳೆಯುವ ಮಾನಕ್ಕೆ ಇಂಥವನ ಹೆಸರು ಬಂದದ್ದು ನನಗೆ ಯಾವಾಗಲೂ ಸೊಗಸೆನಿಸಿದೆ.

ಹಾಗಾದರೆ ದೂರ ಅಳೆದು, ಲೆಕ್ಕ ಹಾಕಿ, ಅಷ್ಟಷ್ಟು ಏರಿಸಿ ಇಳಿಸಿದರೆ ಮುಗಿಯಿತೇ? ಇಲ್ಲ. ವಿಲೋಮ ವರ್ಗ ನಿಯಮ ಬಯಲಿನಲ್ಲಿ ಸರಿ. ಕೋಣೆಯಲ್ಲಿ ಗೋಡೆ, ನೆಲ, ಗಾಜಿನ ಬೀರು ಎಲ್ಲವೂ ಸದ್ದನ್ನು ಹಿಂದಕ್ಕೆ ಎಸೆಯುತ್ತವೆ; ಪರದೆ, ದಿಂಬು, ಹಾಸಿಗೆ ಹೀರಿಕೊಳ್ಳುತ್ತವೆ. ಲೆಕ್ಕದಲ್ಲಿ ಒಂಬತ್ತೂವರೆ ಬಂದದ್ದು ನಮ್ಮ ಹಜಾರದಲ್ಲಿ ಅಳೆದಾಗ 6 ಮಾತ್ರ ಬಂತು. ಆದ್ದರಿಂದ ನಾವು ಕೂರುವ ಜಾಗದಲ್ಲೇ ಅಳೆಯಬೇಕು. ಬೇರೆ ದಾರಿಯಿಲ್ಲ.

ಕಿವಿಯನ್ನು ನಂಬಿದೆ

ಇಷ್ಟೆಲ್ಲ ಗೊತ್ತಿದ್ದೂ ನಾನು ಮೊದಲು ಮಾಡಿದ್ದು ತಪ್ಪನ್ನೇ. ಒಂದು ಭಾನುವಾರ ಬೆಳಿಗ್ಗೆ ರಿಸೀವರ್‌ನ ಮೆನುವಿನಲ್ಲಿ ಪರೀಕ್ಷಾ ಸದ್ದು ಹಾಕಿ, ಕಣ್ಣು ಮುಚ್ಚಿ ಕುಳಿತೆ. ಈ ಪರೀಕ್ಷಾ ಸದ್ದು ಹಾಡಲ್ಲ, ಮಾತಲ್ಲ, ಜಲಪಾತದ ಮುಂದೆ ನಿಂತಾಗ ಕೇಳುವಂಥ ಬರೀ 'ಶೋ' ಎಂಬ ಭೋರ್ಗರೆತ. ಇದಕ್ಕೆ ಪಿಂಕ್ ನಾಯ್ಸ್ ಎನ್ನುತ್ತಾರೆ. ಮಂದ್ರ, ಮಧ್ಯ, ತಾರ ಎನ್ನುತ್ತೇವಲ್ಲ, ಹಾಗೆ ಪ್ರತಿಯೊಂದು ಸ್ಥಾಯಿಗೂ ಸಮಪಾಲು ಶಕ್ತಿ ಹಂಚಿರುವ ಸದ್ದು. ಹಾಡು ಕ್ಷಣಕ್ಕೊಮ್ಮೆ ಏರಿಳಿಯುತ್ತದೆ, ಅದನ್ನು ಅಳೆಯುವುದು ಕಷ್ಟ. ಇದು ಒಂದೇ ಸಮನೆ ಇರುತ್ತದೆ. ಮೊದಲು ಎಡ ಮುಂದಿನ ಸ್ಪೀಕರ್, ಆಮೇಲೆ ನಡುವಿನದು, ಬಲದ್ದು, ಸರೌಂಡ್‌ಗಳು ಎಂದು ಒಂದೊಂದರಿಂದಲೇ ಸರದಿಯಲ್ಲಿ ಬರುತ್ತದೆ. ಎಲ್ಲವೂ ಒಂದೇ ಸಮ ಕೇಳುವವರೆಗೆ ಒಂದೊಂದರ ಮಟ್ಟವನ್ನು ಏರಿಸಿ ಇಳಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ನಡುವಿನ ಸ್ಪೀಕರನ್ನು ಸಾಕಷ್ಟು ಏರಿಸಬೇಕಾಯಿತು. ಅಮ್ಮನ ದೂರು ಅರ್ಧಕ್ಕರ್ಧ ಇಳಿಯಿತು. ನನಗೋ ಹೆಮ್ಮೆ.

ಮುಂದಿನ ವಾರ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗನೊಬ್ಬ ವಿಜ್ಞಾನ ಮಾದರಿಯ ವಿಷಯ ಮಾತಾಡಲು ಮನೆಗೆ ಬಂದ. ಅಕ್ಕನ ಮೊಬೈಲಿನಲ್ಲಿ ಶಬ್ದಮಟ್ಟ ಅಳೆಯುವ ಆ್ಯಪ್ ಹಾಕಿಕೊಂಡು ಬಸ್ ನಿಲ್ದಾಣ, ಹಿಟ್ಟಿನ ಗಿರಣಿ ಎಲ್ಲ ಅಳೆದಿದ್ದ. ನಮ್ಮ ಹೋಮ್ ಥಿಯೇಟರನ್ನೂ ಅಳೆಯಲು ಹೇಳಿದೆ. ನನ್ನ ಕೈಚಳಕ ತೋರಿಸಬೇಕಿತ್ತಲ್ಲ! ಅವನು ನಾನು ಕೂರುವ ಜಾಗದಲ್ಲಿ, ನನ್ನ ಕಿವಿಯ ಎತ್ತರಕ್ಕೆ ಮೊಬೈಲ್ ಹಿಡಿದು ಐದನ್ನೂ ಕಾಗದದಲ್ಲಿ ಬರೆದುಕೊಂಡ.

"ಸಾರ್, ಮುಂದಿನ ಬಲದ್ದು 75, ಎಡದ್ದು 79. ಹಿಂದಿನದೂ ಹಂಗೇ ಸಾರ್, ಎಡಗಡೆದೇ ನಾಲ್ಕು ಜಾಸ್ತಿ."

"ನಿನ್ನ ಮೊಬೈಲೇ ಸರಿಯಿಲ್ಲ ಬಿಡು" ಎಂದೆ.

ನನ್ನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಮೊಬೈಲಿನ ಮೈಕು ಮಾತಿಗಾಗಿ ಮಾಡಿದ್ದು, ಅದು ತೋರಿಸುವ 75 ನಿಜವಾಗಿ 72 ಇರಬಹುದು, 78 ಇರಬಹುದು. ಆದರೆ ತಕ್ಕಡಿಯ ಕಲ್ಲು ತಪ್ಪಿದ್ದರೂ ಅದೇ ಕಲ್ಲಿನಲ್ಲಿ ಎರಡು ಚೀಲ ತೂಗಿದರೆ ಯಾವುದು ಭಾರವೆಂದು ತಿಳಿಯದೇ? ಹುಡುಗನೂ ಅದನ್ನೇ ಹೇಳಿದ, ಅಷ್ಟೇ ವಿನಯವಾಗಿ. ನನ್ನ ಹೆಂಡತಿಯ ಮೊಬೈಲಿನಲ್ಲಿ ಅಳೆದೆವು. ಅಲ್ಲೂ ವ್ಯತ್ಯಾಸ ನಾಲ್ಕೇ.

ಎಲ್ಲವನ್ನೂ ಮೊಬೈಲ್ ಹೇಳಿದಂತೆ 75ಕ್ಕೆ ತಂದೆವು. ನಾನು ಕುಳಿತು ಕೇಳಿದೆ. ಬಲಗಡೆಯದು ಎದ್ದು ಕೇಳುತ್ತದೆ, ಎಡಗಡೆಯದು ಮಂಕು. ಸ್ಪೀಕರ್‌ನಲ್ಲೇ ದೋಷವಿರಬಹುದೆಂದು ಎಡ ಬಲದ ತಂತಿಗಳನ್ನು ಅದಲು ಬದಲು ಮಾಡಿದೆವು, ಆಮೇಲೆ ಸ್ಪೀಕರ್ ಪೆಟ್ಟಿಗೆಗಳನ್ನೇ ಬದಲಿಸಿದೆವು. ನನಗೆ ಆಗಲೂ ಬಲಗಡೆಯೇ ಜೋರು. ಹಾಗಾದರೆ ಗೋಡೆಯ ಪ್ರತಿಫಲನವೇ? ಅದಿದ್ದರೆ ಮೊಬೈಲಿಗೂ ಗೊತ್ತಾಗಬೇಕಿತ್ತು.

ಆಗ ಹುಡುಗ, "ಸಾರ್, ಒಂದ್ಸಲ ಹಿಂದಕ್ಕೆ ತಿರುಗಿ ಕೂತ್ಕೊಳಿ" ಎಂದ.

ಟಿ.ವಿ.ಗೆ ಬೆನ್ನು ಹಾಕಿ, ಸೋಫಾದ ಮೇಲೆ ಮೊಣಕಾಲೂರಿ ಗೋಡೆ ನೋಡುತ್ತ ಕುಳಿತೆ. ಈಗ ಮಂಕಾಗಿದ್ದ ಸ್ಪೀಕರ್ ಜೋರಾಯಿತು, ಜೋರಾಗಿದ್ದುದು ಮಂಕಾಯಿತು. ಸ್ಪೀಕರ್ ಅಲ್ಲಾಡಿಲ್ಲ, ಗೋಡೆ ಅಲ್ಲಾಡಿಲ್ಲ. ತಿರುಗಿದ್ದು ನಾನು. ನನ್ನ ಹೆಂಡತಿಯನ್ನು ಕೂರಿಸಿ ಕೇಳಿದಾಗ, "ಎರಡೂ ಒಂದೇ ಸಮ ಇದೆಯಲ್ರೀ" ಎಂದಳು. ಹುಡುಗ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಸುಮ್ಮನೆ ನಿಂತಿದ್ದ. ಮೂವತ್ತು ವರ್ಷ ಪ್ರಯೋಗ ಮಾಡಿಸಿದ ಮೇಷ್ಟ್ರಿಗೆ ಉತ್ತರ ಬಾಯಿಬಿಟ್ಟು ಹೇಳುವುದು ಅವನಿಗೆ ಕಷ್ಟವಾಗಿರಬೇಕು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ್ದು. ರಜೆ ಹಾಕಿ ಹೋದೆ. ಸದ್ದೇ ಇಲ್ಲದ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಬೇರೆ ಬೇರೆ ಆವೃತ್ತಿಯ ಸಣ್ಣ ಸಣ್ಣ ಸ್ವರ ಕೇಳಿಸುತ್ತಾರೆ. ಕೇಳಿದರೆ ಗುಂಡಿ ಒತ್ತಬೇಕು. ಬಲಗಿವಿಯ ರೇಖೆ ನನ್ನ ವಯಸ್ಸಿಗೆ ತಕ್ಕಷ್ಟಿತ್ತು. ಎಡಗಿವಿಯ ರೇಖೆ 2,000 ಹರ್ಟ್ಸ್ ದಾಟಿದ ಮೇಲೆ ಇಳಿಜಾರಾಗಿ ಕೆಳಗಿಳಿದಿತ್ತು. ಕಾರಣ ಇದೇ ಎಂದು ಹೇಳಲಾಗದು ಎಂದರು. ವರ್ಷಗಟ್ಟಲೆ ಕ್ರೀಡಾಕೂಟಗಳಲ್ಲಿ ಹಾರ್ನ್ ಧ್ವನಿವರ್ಧಕದ ಕೆಳಗೇ ನಿಂತು ಮೈಕ್ ಹಿಡಿದದ್ದು ನನಗೆ ನೆನಪಾಯಿತು. ಇರಲಿ, ಅದು ನನ್ನ ಊಹೆ ಮಾತ್ರ.

ಭಾಷೆಯಲ್ಲಿ ಸ, ಶ, ತ, ಫ ಇಂಥ ಅಕ್ಷರಗಳ ಗುರುತು ಇರುವುದು ಈ ಎತ್ತರದ ಆವೃತ್ತಿಗಳಲ್ಲೇ. ಅವು ಹೋದರೆ ಧ್ವನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ನಮ್ಮ ತರಗತಿಯಲ್ಲಿ ಹೆಣ್ಣುಮಕ್ಕಳ ಬೆಂಚುಗಳು ನಾನು ನಿಲ್ಲುವ ಜಾಗದಿಂದ ಎಡಕ್ಕಿವೆ. ಎರಡು ಮೂರು ವರ್ಷಗಳಿಂದ ನಾನು ಅವರಿಗೆ ಹೇಳುತ್ತ ಬಂದದ್ದು ಒಂದೇ ಮಾತು: "ಬಾಯಿಬಿಟ್ಟು ಹೇಳ್ರಮ್ಮ, ಗೊಣಗಬೇಡಿ." ಸರಿಯುತ್ತರ ಹೇಳಿದ ಎಷ್ಟು ಹುಡುಗಿಯರನ್ನು ಮತ್ತೆ ಕೂರಿಸಿದ್ದೇನೋ ಗೊತ್ತಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಮರಳುವಾಗ ನನಗೆ ಕಾಡಿದ್ದು ಕಿವಿಯ ಚಿಂತೆಗಿಂತ ಅದು.

ಮನೆಯಲ್ಲಿ ಮಾಡಿ ನೋಡಿ

ಈಗ ಕೆಲಸದ ಮಾತು. ಮೊದಲು ಸ್ಪೀಕರ್‌ಗಳ ಜಾಗ ಸರಿಪಡಿಸಿ. ನಮ್ಮ ನಡುವಿನ ಸ್ಪೀಕರ್ ಷೋಕೇಸಿನೊಳಗೆ, ನಮ್ಮ ಮೊಣಕಾಲಿಗೆ ಮುಖ ಮಾಡಿ ಕುಳಿತಿತ್ತು. ಎಲ್ಲ ಮಟ್ಟಗಳನ್ನೂ ಸೊನ್ನೆಗೆ ತಂದು ಅಳೆದಾಗ ಅಕ್ಕಪಕ್ಕದವು 75 ಇದ್ದರೆ ಅದು 70. ಹೊರಗೆ ತಂದು, ಮುಂಭಾಗದ ಅಡಿಗೆ ಒಂದು ರಬ್ಬರ್ ತುಂಡು ಕೊಟ್ಟು ಮುಖ ಮೇಲಕ್ಕೆ ಮಾಡಿದ್ದಕ್ಕೇ 3 ಡೆಸಿಬೆಲ್ ಏರಿತು. ಗುಂಡಿ ಮುಟ್ಟಲೇ ಇಲ್ಲ.

ಆಮೇಲೆ ಪರೀಕ್ಷಾ ಸದ್ದು ಹಾಕಿ. ಫ್ಯಾನ್ ಆರಿಸಿ, ಅಡುಗೆಮನೆಯಲ್ಲಿ ಕುಕ್ಕರ್ ಕೂಗದ ಹೊತ್ತು ನೋಡಿಕೊಳ್ಳಿ. ಮಾಪಕ ಯಾವುದೇ ಇರಲಿ, ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ, ಮೈಕು ಛಾವಣಿಯತ್ತ ಇರುವಂತೆ ಹಿಡಿಯಿರಿ. ಕೈ ನೀಳವಾಗಿ ಚಾಚಿರಲಿ, ನಮ್ಮ ಮೈಯೂ ಸದ್ದನ್ನು ತಡೆಯುತ್ತದೆ. 'ನಿಧಾನ' ಓದು ಆರಿಸಿಕೊಂಡರೆ ಅಂಕಿ ಕುಣಿಯುವುದಿಲ್ಲ. ಒಂದೊಂದು ಸ್ಪೀಕರನ್ನೂ 75ಕ್ಕೆ ತನ್ನಿ. ಥಿಯೇಟರುಗಳಲ್ಲಿ ಇದಕ್ಕೆ 85 ಇಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಅಷ್ಟು ಭೋರ್ಗರೆತ ತಡೆಯಲಾಗದೆಂದು ಪರೀಕ್ಷಾ ಸದ್ದನ್ನೇ 10 ತಗ್ಗಿಸಿ 75 ಮಾಡಿಕೊಂಡಿದ್ದಾರೆ. ನಿಮ್ಮ ಮನೆಗೆ 70 ಸಾಕೆನಿಸಿದರೆ 70 ಇಡಿ, ಎಲ್ಲವೂ ಒಂದೇ ಆಗಿರುವುದು ಮುಖ್ಯ. ಒಂದು ಡೆಸಿಬೆಲ್ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಸಬ್‌ವೂಫರ್ ವಿಷಯ ಮಾತ್ರ ಬೇರೆ. ಮಾಪಕಗಳಲ್ಲಿ 'ಎ' ಮತ್ತು 'ಸಿ' ಎಂಬ ಎರಡು ಬಗೆಯ ಓದು ಇರುತ್ತದೆ. ಮೆಲ್ಲನೆಯ ಸದ್ದಿನಲ್ಲಿ ನಮ್ಮ ಕಿವಿ ತಗ್ಗಿನ ಸ್ವರಗಳಿಗೆ ಮಂದ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಇದನ್ನು ರೇಖೆಗಳಲ್ಲಿ ತೋರಿಸಿದರು. 'ಎ' ಓದು ಆ ಮಂದತನವನ್ನು ಅನುಕರಿಸುತ್ತದೆ, 50 ಹರ್ಟ್ಸ್ ಸದ್ದನ್ನು 30 ಡೆಸಿಬೆಲ್‌ನಷ್ಟು ಕಡಿಮೆ ಮಾಡಿ ತೋರಿಸುತ್ತದೆ. ಅದನ್ನು ನಂಬಿ ಸಬ್‌ವೂಫರ್ ಏರಿಸುತ್ತ ಹೋದರೆ ಕಿಟಕಿ ಗಾಜು ಗಡಗಡಿಸುತ್ತದೆ. 'ಸಿ' ಓದನ್ನೇ ಬಳಸಿ. ಮೊಬೈಲಿನ ಮೈಕಂತೂ ತಗ್ಗಿನ ಸದ್ದಿಗೆ ಅಷ್ಟಾಗಿ ಭರವಸೆಯದಲ್ಲ. ಇಲ್ಲಿ ಮಾತ್ರ ನಾನು ಮಾಪಕ ಬಿಟ್ಟು, ಗಂಡುದನಿಯ ವಾರ್ತೆ ಹಾಕಿ, ಮಾತು ಮಡಕೆಯೊಳಗಿಂದ ಬಂದಂತೆ ಕೇಳದಷ್ಟಕ್ಕೆ ಇಳಿಸಿದೆ. ತಗ್ಗಿನ ಸದ್ದಿಗೆ ಗೋಡೆ ಅಡ್ಡವೇ ಅಲ್ಲ ಎಂಬುದೂ ನೆನಪಿರಲಿ. ನಮ್ಮ ಪಕ್ಕದ ಮನೆಯ ಹುಡುಗಿ ಪಿ.ಯು.ಸಿ. ಎರಡನೇ ವರ್ಷದವಳು. ರಾತ್ರಿ ಒಂಬತ್ತಾದ ಮೇಲೆ ಸಬ್‌ವೂಫರ್ ಆರಿಸಿಬಿಡುತ್ತೇವೆ.

ಮೆನುವಿನಲ್ಲಿ ಪ್ರತಿ ಸ್ಪೀಕರಿನ ದೂರ ಕೇಳಿದರೆ ಅಳತೆಪಟ್ಟಿ ಹಿಡಿದು ಸರಿಯಾಗಿ ತುಂಬಿ. ಶಬ್ದ ಒಂದು ಅಡಿ ಸಾಗಲು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಹೊತ್ತು ಬೇಕು. ಹತ್ತಿರದ ಸ್ಪೀಕರಿನ ಸದ್ದನ್ನು ಯಂತ್ರ ಅಷ್ಟು ತಡೆದು ಕಳಿಸುತ್ತದೆ. ಯಾವುದು ಮೊದಲು ಬರುತ್ತದೋ ಶಬ್ದ ಆ ದಿಕ್ಕಿನಿಂದಲೇ ಬಂತೆಂದು ಮೆದುಳು ತೀರ್ಮಾನಿಸುವುದರಿಂದ ಇದು ಬೇಕು. ಈಚಿನ ಹಲವು ರಿಸೀವರ್‌ಗಳ ಜೊತೆ ಒಂದು ಪುಟ್ಟ ಮೈಕು ಕೊಟ್ಟಿರುತ್ತಾರೆ, ಸೋಫಾದ ಮೇಲಿಟ್ಟರೆ ತಾನೇ ಎಲ್ಲ ಅಳೆದುಕೊಳ್ಳುತ್ತದೆ. ಒಳ್ಳೆಯದೇ. ಆದರೂ ಒಮ್ಮೆ ಮಕ್ಕಳ ಕೈಯಲ್ಲಿ ಅಳೆಸಿ. ವಿಲೋಮ ವರ್ಗ ನಿಯಮವನ್ನು ನಾನು ಕರಿಹಲಗೆಯ ಮೇಲೆ ಹತ್ತು ಸಲ ಬರೆದುದಕ್ಕಿಂತ ಹೆಚ್ಚು ಅವರಿಗೆ ಅಲ್ಲಿ ತಿಳಿಯುತ್ತದೆ.

ತಂದೆತಾಯಂದಿರಿಗೆ ಇನ್ನೊಂದು ವಿಷಯ. ನಾನು ಮಾಡಿದ ತಿರುಗಿ ಕೂರುವ ಪರೀಕ್ಷೆಯನ್ನು ನೀವೂ ಮಾಡಿ, ಮಕ್ಕಳಿಗೂ ಮಾಡಿಸಿ. ಇದು ವೈದ್ಯರ ತಪಾಸಣೆಗೆ ಬದಲಿಯಲ್ಲ, ಎರಡು ಕಿವಿಯೂ ಒಟ್ಟಿಗೆ ಮಂದವಾಗಿದ್ದರೆ ಇದರಲ್ಲಿ ತಿಳಿಯುವುದೂ ಇಲ್ಲ. ಆದರೂ ಒಂದು ಕಡೆಯದು ಸದಾ ಮಂಕೆನಿಸಿದರೆ ತೋರಿಸಿಕೊಳ್ಳಿ. ಪ್ರತಿ ಒಳಗಿವಿಯಲ್ಲೂ ಶಬ್ದವನ್ನು ಹಿಡಿಯುವ ಸುಮಾರು 15,000 ರೋಮಕೋಶಗಳಿವೆ. ಹುಟ್ಟುವಾಗ ತಂದದ್ದಷ್ಟೇ, ಸತ್ತರೆ ಮತ್ತೆ ಬೆಳೆಯುವುದಿಲ್ಲ. ಕಾರ್ಖಾನೆಗಳಲ್ಲಿ ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್ ಮಿತಿ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧವಾಗುತ್ತದೆ. 94ಕ್ಕೆ ಒಂದೇ ಗಂಟೆ. ಇಯರ್‌ಫೋನ್ ಕೇಳುವ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ವಾರಕ್ಕೆ 40 ಗಂಟೆ, ಅದೂ 75 ಡೆಸಿಬೆಲ್‌ನಲ್ಲಿ.

ನಮ್ಮ ಮನೆಯ ಸ್ಪೀಕರ್‌ಗಳು ಈಗ 75ರಲ್ಲಿವೆ. ನಡುವಿನದನ್ನು ಮಾತ್ರ 77ರಲ್ಲಿ ಬಿಟ್ಟಿದ್ದೇನೆ, ಅಮ್ಮನಿಗೋಸ್ಕರ. ಎಡಗಡೆಯದನ್ನು ನನಗಾಗಿ ಏರಿಸಿಲ್ಲ. ಹಾಗೆ ಮಾಡಿದರೆ ಮನೆಯ ಉಳಿದವರಿಗೆಲ್ಲ ಸಿನಿಮಾ ಎಡಕ್ಕೆ ವಾಲುತ್ತದೆ. ತರಗತಿಯಲ್ಲಿ ಮೇಜನ್ನು ಕಿಟಕಿಯ ಕಡೆಗೆ ಸರಿಸಿಕೊಂಡಿದ್ದೇನೆ, ಹೆಣ್ಣುಮಕ್ಕಳ ಬೆಂಚುಗಳು ಈಗ ನನ್ನ ಬಲಕ್ಕೆ ಬಂದಿವೆ. ಕಾರಣವನ್ನೂ ಅವರಿಗೆ ಹೇಳಿದ್ದೇನೆ.

ಆ ಹುಡುಗ ಕಳೆದ ವಾರ ಇನ್ನೊಂದು ಕಾಗದ ತಂದ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ, ಧ್ವನಿವರ್ಧಕದ ಎದುರಿನ ಮೊದಲ ಸಾಲಿನಲ್ಲಿ ಅಳೆದದ್ದು: 92. ನಮ್ಮಲ್ಲಿ ಮೊದಲ ಸಾಲಿಗೆ ನಿಲ್ಲುವುದು ಅತ್ಯಂತ ಸಣ್ಣ ಮಕ್ಕಳು. ಶನಿವಾರ ನಾವಿಬ್ಬರೂ ಏಣಿ ತಂದು ಹಾರ್ನನ್ನು ಕಂಬದ ಮೇಲಕ್ಕೆ ಏರಿಸಿ, ಮುಖವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದೆವು. ಸೋಮವಾರ ಮೊದಲ ಸಾಲಿನಲ್ಲಿ 81, ಕೊನೆಯ ಸಾಲಿನಲ್ಲಿ 78 ಬಂತು.